ಕೈ ಕಟ್ಟಿಕೊಂಡು ಚಾರ್ಜರ್ ಕೊಡಿಸುತ್ತಿದ್ದವರು

ಅಂಗಡಿಯ ಕೌಂಟರ್ ಮುಂದೆ ನಿಂತ ಕೂಡಲೇ ಅವರ ಎರಡೂ ಕೈ ಬೆನ್ನ ಹಿಂದಕ್ಕೆ ಹೋಗುತ್ತಿದ್ದವು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುವರು, ಅದೆಲ್ಲಿ ತಪ್ಪಿಸಿಕೊಂಡು ಮುಂದೆ ಬಂದುಬಿಡುತ್ತದೋ ಎನ್ನುವ ಹಾಗೆ. ಪ್ಯಾರೀಸ್ ಕಾರ್ನರ್ ಹಿಂದಿನ ಗಲ್ಲಿಯ ಆ ಅಂಗಡಿಯಲ್ಲಿ ಮೋಟರ್‌ಸೈಕಲ್ ಬ್ಯಾಟರಿಯ ಚಾರ್ಜರ್‌ಗಳು ಐದೋ ಆರೋ ಗಾಜಿನ ಮೇಲೆ ಸಾಲಾಗಿ ಬಂದು ಕೂರುತ್ತಿದ್ದವು. ಇದರ ಗುಣ ಇದು, ಅದರ ದೋಷ ಅದು ಎಂದು ಗಲ್ಲವೆತ್ತಿ ಕಣ್ಣಿನಲ್ಲೇ ತೋರಿಸಿ ಹೇಳುವರು. ಕೊಳ್ಳಲು ಬಂದವನು ಎಲ್ಲ ಕೇಳಿಸಿಕೊಂಡು, ಸರಿ ಸಾರ್, ಯಾವುದು ತೆಗೆದುಕೊಳ್ಳಲಿ ಎಂದರೆ ಒಂದೇ ಮಾತು: "ಹೇಳೂದೆಲ್ಲಾ ಹೇಳೀನಿ. ಆರಿಸೂದ್ ನೀವ ಆರಿಸ್ರಿ."

ನಮ್ಮ ತ್ರಿಪ್ಲಿಕೇನ್ ಬೀದಿಯವರು ಅದನ್ನು ದೊಡ್ಡ ಮನುಷ್ಯನ ಸಂಕೋಚ ಎಂದುಕೊಂಡಿದ್ದರು. ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಅವರ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದೆ. ಹೋದ ತಿಂಗಳು ಗದಗದಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಕರೆಯುತ್ತಿದ್ದದ್ದು ಅಣ್ಣಾ ಎಂದು. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಆರು ಮನೆಗಳ ವಠಾರ ನಮ್ಮದು. ಕನ್ನಡದವರು ಎರಡೇ ಮನೆ, ಅವರದು ಮತ್ತು ನಮ್ಮದು. ನಾವು ತುಮಕೂರಿನ ಕಡೆಯವರು. ಅವರ ಮಾತು ನನಗೂ, ನನ್ನ ಮಾತು ಅವರಿಗೂ ಮೊದಮೊದಲು ಅರ್ಧವೇ ತಿಳಿಯುತ್ತಿತ್ತು, ಮಿಕ್ಕರ್ಧಕ್ಕೆ ಇಬ್ಬರೂ ತಮಿಳಿನ ಆಸರೆ ಹಿಡಿಯುತ್ತಿದ್ದೆವು. ಕಬ್ಬಿಣದ ಸಾಮಾನಿನ ಸಗಟು ಅಂಗಡಿಯೊಂದರ ಗೋಡೌನ್ ನೋಡಿಕೊಳ್ಳುವ ಕೆಲಸ ಅವರದು. ಬೆಳಿಗ್ಗೆ ಸ್ನಾನ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ, ಹಣೆಯ ತುಂಬ ವಿಭೂತಿ, ಎರಡು ಜೋಳದ ರೊಟ್ಟಿ. ರೊಟ್ಟಿಯ ಹಿಟ್ಟು ಮುಗಿಯುತ್ತ ಬಂದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಷ್ಟು ಯೋಚನೆ ಮಾಡುವರು. ಊರಿನಿಂದ ಬರುವ ಯಾರ ಕೈಯಲ್ಲಾದರೂ ಹಿಟ್ಟು ತರಿಸಿ, ಒಂದು ಡಬ್ಬಿ ನಮಗೂ ಕೊಟ್ಟು, "ಅನ್ನಾ ತಿಂದ ತಿಂದ ಗಾಳಿ ಬಂದ್ರ ಹಾರಿ ಹೋಗ್ತೀರಿ" ಎನ್ನುವರು.

ಅತ್ತಿಗೆ, ಅಂದರೆ ಅವರ ಹೆಂಡತಿ, ದುಂಡಗಿನ ಮುಖದವರು, ಕೂತಲ್ಲೇ ನಗಿಸುವವರು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಇದ್ದ ಒಂದೇ ಶೋಕಿಯೆಂದರೆ ಭಾನುವಾರದ ಮೋಟರ್‌ಸೈಕಲ್ ಸವಾರಿ. ಅಣ್ಣನಿಗೆ ಮಂಡಿನೋವು, ಕಿಕ್ ಹೊಡೆಯಲಾಗದು. ಹಾಗಾಗಿ ಕಿಕ್ಕೇ ಇಲ್ಲದ, ಬಟನ್ ಒತ್ತಿದರೆ ಹೊರಡುವ ಗಾಡಿ ಕೊಂಡಿದ್ದರು. ವಾರವಿಡೀ ಅದು ಮೆಟ್ಟಿಲ ಕೆಳಗೆ ನಿಂತಿರುತ್ತಿತ್ತು. ನಿಂತು ನಿಂತು ಬ್ಯಾಟರಿ ಇಳಿದುಹೋಗುವುದು. ಒಂದು ಚಾರ್ಜರ್ ಇಟ್ಟುಕೊಳ್ಳಿ ಎಂದು ಮೆಕ್ಯಾನಿಕ್ ಹೇಳಿದ. ಅಣ್ಣ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋಗಿ, ಅಂಗಡಿಯವನು ಮುಂದಿಟ್ಟ ಎರಡರಲ್ಲಿ ಒಂದನ್ನು ಬೆರಳಿಟ್ಟು ತೋರಿಸಿ ತಂದುಬಿಟ್ಟರು. ಸಣ್ಣ ಕಪ್ಪು ಡಬ್ಬಿ, ಎರಡು ವೈರು, ತುದಿಯಲ್ಲಿ ಕೆಂಪು ಕಪ್ಪು ಕ್ಲಿಪ್ಪು, ನೆತ್ತಿಯ ಮೇಲೊಂದು ಹಸಿರು ದೀಪ. ನಿಧಾನವಾಗಿ ಕೊಡುತ್ತದೆ, ನಾಲ್ಕು ದಿನ ಹಾಗೇ ಬಿಟ್ಟರೂ ತೊಂದರೆಯಿಲ್ಲ ಎಂದಿದ್ದನಂತೆ ಅಂಗಡಿಯವನು. ಮೆಟ್ಟಿಲ ಕೆಳಗೆ ವಠಾರಕ್ಕೆಲ್ಲ ಸೇರಿದ ಒಂದು ಪ್ಲಗ್ ಇತ್ತು. ಹದಿನೈದು ದಿನಕ್ಕೊಮ್ಮೆ ಅಲ್ಲಿ ಹಸಿರು ದೀಪ ಹತ್ತುತ್ತಿತ್ತು.

"ನನಗ ಉಂಡ್ಯಾ ಅಂತ ಕೇಳಂಗಿಲ್ಲ ತಂಗಿ," ಎನ್ನುವರು ಅತ್ತಿಗೆ, "ಆ ಗಾಡೀಗೆ ಮಾತ್ರ ಹೊತ್ತಿಗೆ ಸರಿಯಾಗಿ ಉಣಸ್ತಾರ ನಿಮ್ಮಣ್ಣ."

ಒಮ್ಮೆ ಊರಿನಲ್ಲಿ ಯಾರದೋ ಜಮೀನಿನ ಮಾತುಕತೆಗೆಂದು ಅಣ್ಣ ನಾಲ್ಕು ದಿನ ಹೋಗಬೇಕಾಯಿತು. ಗುರುವಾರ ಬೆಳಿಗ್ಗೆ ಹೊರಡುವಾಗ ಚಾರ್ಜರ್ ಹಾಕಿ ನನ್ನನ್ನು ಕರೆದರು. ಅತ್ತಿಗೆಗೆ ಬಗ್ಗಿ ನೋಡುವುದು ಕಷ್ಟ, ಏದುಸಿರು. ಆ ಏದುಸಿರನ್ನು ನಾವೆಲ್ಲ ದಪ್ಪದ ಲೆಕ್ಕಕ್ಕೆ ಹಾಕಿದ್ದೆವು. "ತಂಗಿ, ಈ ಹಸರ ದೀಪ ಉರೀತಿದ್ರ ಎಲ್ಲಾ ಛಲೋ ಐತಂತ ತಿಳಕೊ. ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ ನೋಡಿದ್ರ ಸಾಕು" ಎಂದರು. ನೋಡ್ಕೋತೀನಿ ಬಿಡಿ ಅಣ್ಣಾ ಎಂದೆ.

ಆ ವಾರ ನಮ್ಮ ಅಡುಗೆಮನೆಯ ಪ್ಲಗ್ ಸುಟ್ಟು ಕಪ್ಪಾಗಿತ್ತು. ಎಲೆಕ್ಟ್ರಿಷಿಯನ್ ಇವತ್ತು ನಾಳೆ ಎನ್ನುತ್ತಿದ್ದ. ಇಡ್ಲಿಗೆ ನೆನೆಹಾಕಿದ್ದ ಅಕ್ಕಿ ಹಾಳಾಗುತ್ತದಲ್ಲ ಎಂದು ಅದೇ ಗುರುವಾರ ಹತ್ತೂವರೆಗೆ ಗ್ರೈಂಡರನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗಿಟ್ಟು, ಚಾರ್ಜರಿನ ಪ್ಲಗ್ ಕಿತ್ತು, ನನ್ನದನ್ನು ಸಿಕ್ಕಿಸಿದೆ. ರುಬ್ಬಿ ಮುಗಿಯಿತು. ಹಿಟ್ಟು ತೋಡಿಕೊಂಡು, ನೆಲ ಒರೆಸಿ, ಗ್ರೈಂಡರ್ ಎತ್ತಿಕೊಂಡು ಬಂದೆ. ಅವರ ಪ್ಲಗ್ಗನ್ನು ತಿರುಗಿ ಹಾಕಬೇಕೆಂಬುದು ಮರೆತೇಹೋಯಿತು.

ಆದರೆ ಅವರು ಹೇಳಿದ ಕೆಲಸ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು. ಶುಕ್ರವಾರ ಉರಿಯುತ್ತಿತ್ತು, ಶನಿವಾರ ಉರಿಯುತ್ತಿತ್ತು. ಭಾನುವಾರ ಸಂಜೆ ಕಸ ಗುಡಿಸುವಾಗ ಪೊರಕೆಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಅವರ ಪ್ಲಗ್ ನೆಲದ ಮೇಲೆ ಬಿದ್ದಿದೆ. ತಲೆಯೆತ್ತಿದರೆ ದೀಪ ಉರಿಯುತ್ತಲೇ ಇದೆ, ಸ್ವಲ್ಪ ಮಂಕಾಗಿತ್ತೋ ಏನೋ. ಒಳಗೆ ಕರೆಂಟು ಕೂಡಿಟ್ಟುಕೊಳ್ಳುತ್ತದೇನೋ, ಕುಕ್ಕರು ಒಲೆ ಆರಿಸಿದ ಮೇಲೂ ಬಿಸಿ ಇರುವುದಿಲ್ಲವೇ ಎಂದುಕೊಂಡು ಪ್ಲಗ್ ಸಿಕ್ಕಿಸಿದೆ. ದೀಪ ನಿಚ್ಚಳವಾಯಿತು. ನನ್ನ ಮನಸ್ಸೂ ನಿಚ್ಚಳವಾಯಿತು.

ಸೋಮವಾರ ಬೆಳಿಗ್ಗೆ ಅಣ್ಣ ಬಂದವರೇ ಕ್ಲಿಪ್ ತೆಗೆಯುತ್ತ ಕೇಳಿದರು, ದೀಪ ಉರೀತಿತ್ತೇನು ಎಂದು. ಉರೀತಾನೇ ಇತ್ತು ಅಣ್ಣಾ ಎಂದೆ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಅತ್ತಿಗೆ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು. ನಮ್ಮ ಗಲ್ಲಿಗೆ ಆಂಬುಲೆನ್ಸ್ ಬರುವುದಿಲ್ಲ, ಮಗ್ಗುಲಾಗಿ ಬಂದರೂ ಹಿಡಿಸದು. ಮೋಟರ್‌ಸೈಕಲ್ಲಿನಲ್ಲಾದರೆ ಆಸ್ಪತ್ರೆ ಐದು ನಿಮಿಷ. ಅತ್ತಿಗೆ ತಾವೇ ನಡೆದು ಬಂದು, ಸೆರಗು ಸಿಕ್ಕಿಸಿ, ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತರು. ಅಣ್ಣ ಬಟನ್ ಒತ್ತಿದರು. ಟಕ್ ಎಂದಿತು. ಮತ್ತೆ ಒತ್ತಿದರು. ಟಕ್, ಟಕ್, ಟಕ್. ಒಳಗೆ ಯಾರೋ ನಾಲಿಗೆ ಲೊಚಗುಟ್ಟುತ್ತಿರುವ ಹಾಗೆ. "ನಾಕ್ ದಿನಾ ಚಾರ್ಜ್ ಆಗೇತಲ್ಲಾ" ಎಂದು ಗಾಡಿಗೇ ಹೇಳುತ್ತಿದ್ದರು. ನೋವಿನ ಮಂಡಿಯಲ್ಲೇ ಗಲ್ಲಿಯ ತುದಿಯವರೆಗೆ ತಳ್ಳಿಕೊಂಡು ಓಡಿದರು, ತಿರುಗಿ ತಳ್ಳಿಕೊಂಡು ಬಂದರು. ಬ್ಯಾಟರಿ ಇಷ್ಟು ಬರಿದಾದರೆ ಆ ಗಾಡಿ ತಳ್ಳಿದರೂ ಹತ್ತುವುದಿಲ್ಲವಂತೆ, ಅದು ಆಮೇಲೆ ತಿಳಿದದ್ದು. ನಾನು ಬೀದಿಗೆ ಓಡಿ ಆಟೋ ಹಿಡಿದು ತಂದೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಆಟೋದಲ್ಲಿ ಅತ್ತಿಗೆಯ ತಲೆ ನನ್ನ ಹೆಗಲ ಮೇಲಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಆ ತಲೆ ಒಮ್ಮೆಗೇ ಭಾರವಾಯಿತು.

ಹತ್ತು ನಿಮಿಷ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ತಮಿಳಿನಲ್ಲಿ ಹೇಳಿದರು. ಎಲ್ಲರಿಗೂ ಹೇಳುವ ಮಾತಿರಬಹುದು. ಅಣ್ಣ ಅದನ್ನು ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ.

ಎರಡು ವಾರ ಕಳೆಯುವ ಮೊದಲೇ ಅವರು ಆ ಚಾರ್ಜರನ್ನು ಒಯ್ದು ಬಕಿಂಗ್‌ಹ್ಯಾಮ್ ಕಾಲುವೆಗೆ ಎಸೆದು ಬಂದರು. ಅದು ಸುಳ್ಳು ಚಾರ್ಜರ್, ದೀಪ ಮಾತ್ರ ಉರಿಸಿ ಏನೂ ಕೊಡದ ಚಾರ್ಜರ್, ಅಂಥದ್ದನ್ನು ಹಿಂದುಮುಂದು ನೋಡದೆ ಬೆರಳಿಟ್ಟು ಆರಿಸಿ ತಂದವನು ತಾನು ಎಂದು ನಂಬಿದ್ದರು. ಆ ಡಬ್ಬಿ ಇದ್ದಿದ್ದರೆ ಎಂದಾದರೂ ಪರೀಕ್ಷೆ ಮಾಡಿ ನಿಜ ತಿಳಿಯುತ್ತಿದ್ದರೇನೋ. ಅದು ನೀರಿಗೆ ಹೋದ ಮೇಲೆ ನಿಜ ಉಳಿದದ್ದು ನನ್ನಲ್ಲಿ ಮಾತ್ರ. ಆಗ ನನಗೂ ಅದು ಪೂರ್ತಿ ಗೊತ್ತಿರಲಿಲ್ಲ ಎಂದು ಬರೆದುಕೊಳ್ಳಬಹುದು. ದೀಪ ಉರಿಯುತ್ತಿತ್ತಲ್ಲ, ಪ್ಲಗ್ಗಿನಿಂದ ಏನಾಗಿದ್ದೀತು ಎಂದು ದಿನಾ ಹೇಳಿಕೊಳ್ಳುತ್ತಿದ್ದೆ. ಏನೂ ಆಗಿರದಿದ್ದರೆ ದಿನಾ ಹೇಳಿಕೊಳ್ಳುವುದು ಯಾಕೆ ಬೇಕಿತ್ತು.

ಅಲ್ಲಿಂದಾಚೆ ಅವರು ಬೇರೆಯೇ ಮನುಷ್ಯರಾದರು. ಒಂದು ಮೀಟರ್ ಕೊಂಡರು, ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ ಅಂಕಿ ತೋರಿಸುವಂಥದ್ದು. ಶನಿವಾರ ಸಂಜೆ ವಠಾರದ ಗಾಡಿಗಳನ್ನೆಲ್ಲ ಮುಟ್ಟಿಸಿ ನೋಡುವರು. ಎದುರು ಮೆಸ್ಸಿನವರ ಗಾಡಿ, ಲಾಡ್ಜಿನ ಮ್ಯಾನೇಜರ ಗಾಡಿ, ಬರಬರುತ್ತ ಬೀದಿಯದೆಲ್ಲ. ಹನ್ನೆರಡೂವರೆ ವೋಲ್ಟ್ ಇದ್ದರೆ ಛಲೋ. ಹನ್ನೆರಡಕ್ಕಿಂತ ಕೆಳಗಿದ್ದರೆ ಗಾಡಿಯವನ ಬಾಗಿಲು ತಟ್ಟುವರು. "ದೀಪ ನಂಬಬ್ಯಾಡ್ರಿ, ಮೀಟರ್ ನಂಬ್ರಿ" ಎಂಬುದು ಅವರ ಮಾತಾಯಿತು.

ಕೊಳ್ಳುವವರ ಜೊತೆಗೂ ಹೋಗುವರು. ಕೋಡಂಬಾಕ್ಕಂನ ಸ್ಟುಡಿಯೋ ಒಂದರಲ್ಲಿ ಲೈಟ್ ಎತ್ತುವ ಕೆಲಸದವನೊಬ್ಬ ಬಂದಿದ್ದ, ನಮ್ಮ ಮನೆಯವರ ಸ್ನೇಹಿತ. ನಾನೂ ಮಿಕ್ಸಿಯ ಜಾರ್ ಕೊಳ್ಳಲೆಂದು ಆ ಕಡೆ ಹೋಗುವುದಿತ್ತು, ಜೊತೆಗೂಡಿದೆ. ಅವನ ಕಣ್ಣೆಲ್ಲ ವರ್ಕ್‌ಶಾಪಿನಲ್ಲಿ ಇಡುವಂಥ ದೊಡ್ಡ ಚಾರ್ಜರಿನ ಮೇಲೆ, ಒಂದು ಗಂಟೆಯಲ್ಲಿ ತುಂಬಿಸಿಬಿಡುತ್ತದಂತೆ. ಅಣ್ಣ ತಲೆಯಾಡಿಸಿದರು. ಕೂಸಿನ ಬಾಯಿಗೆ ಕೊಡಪಾನ ಬಗ್ಗಿಸಿದ ಹಾಗಾಗುತ್ತದೆ ಅದು. ಬ್ಯಾಟರಿಯ ಮೇಲೆ ಐದು ಆಂಪಿಯರ್ ಎಂದು ಬರೆದಿದ್ದರೆ ಚಾರ್ಜರ್ ಅರ್ಧ ಆಂಪಿಯರ್ ಕೊಟ್ಟರೆ ಸಾಕು ಎಂದು ವಿವರಿಸಿದರು. ಹೊಟ್ಟೆ ತುಂಬಿದ ಮೇಲೆ ತಾನೇ ನಿಲ್ಲಿಸುತ್ತದೆಯೇ, ಕ್ಲಿಪ್ ಅದಲುಬದಲಾದರೆ ತಡೆಯುತ್ತದೆಯೇ, ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗುತ್ತದೆಯೇ ಎಂದು ಅಂಗಡಿಯವನನ್ನು ಒಂದೊಂದಾಗಿ ಕೇಳಿದರು. ಲೈಟಿನವನು ನಕ್ಕು, ಹೆಣ್ಣು ನೋಡಲು ಹೋದರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ ಸಾರ್ ಎಂದ ತಮಿಳಿನಲ್ಲಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಣ್ಣನೂ ನಗುವಿನ ಹಾಗೆ ಏನೋ ಮಾಡಿ, ಕನ್ನಡದಲ್ಲಿ, ಅವನಿಗೆ ತಿಳಿಯದ ಹಾಗೆ, "ಕೇಳಬೇಕಪಾ. ನಾ ಕೇಳಿರಲಿಲ್ಲ" ಎಂದರು. ಕೈ ಬೆನ್ನ ಹಿಂದೆಯೇ ಇತ್ತು. ಮಣಿಕಟ್ಟು ಹಿಡಿದ ಬೆರಳು ಬಿಳಿಚಿದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ.

ತಮ್ಮ ಗಾಡಿಯನ್ನು ಅವರು ಮತ್ತೆ ಓಡಿಸಲಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾತ್ರ, ಅವರು ಇಬ್ಬರೂ ಹೊರಡುತ್ತಿದ್ದ ಹೊತ್ತಿಗೆ, ಬಟನ್ ಒತ್ತುವರು. ಮೊದಲ ಸಲಕ್ಕೇ ಹೊರಡುತ್ತಿತ್ತು. ಐದು ನಿಮಿಷ ನಿಂತಲ್ಲೇ ಎಂಜಿನ್ ಓಡಲು ಬಿಟ್ಟು, ಆರಿಸಿ, ಒಳಗೆ ಹೋಗುವರು. ಆ ಐದು ನಿಮಿಷ ನಾನು ದೋಸೆ ಹೊಯ್ಯುತ್ತಿದ್ದರೂ ಹಂಚು ಇಳಿಸಿ ನಿಂತುಬಿಡುತ್ತಿದ್ದೆ. ಭಾನುವಾರದ ದೋಸೆ ಯಾಕೆ ಹೀಗೆ ಆರಿರುತ್ತದೆ ಎಂದು ಮಕ್ಕಳು ತಮಿಳಿನಲ್ಲಿ ಗೊಣಗುತ್ತಿದ್ದರು.

ಎರಡು ವರ್ಷವಾದ ಮೇಲಿನ ಮಾತು. ಮೆಸ್ಸಿನವರು ಯಾವುದೋ ಹಳೆಯ ಚಾರ್ಜರ್ ತಂದು, ಇದು ಸರಿಯಿದೆಯಾ ನೋಡಿ ಎಂದು ಬಿಟ್ಟು ಹೋಗಿದ್ದರು. ಅಣ್ಣ ಕ್ಲಿಪ್ ಹಾಕಿ, ಬಟ್ಟೆ ಒಣಹಾಕುತ್ತಿದ್ದ ನನ್ನನ್ನು ಕರೆದು, ಪ್ಲಗ್ ತೆಗೆ ನೋಡೋಣ ಎಂದರು. ತೆಗೆದೆ. ಚಾರ್ಜರಿನ ದೀಪ ಆರಲಿಲ್ಲ.

"ಕಂಡ್ಯಾ ತಂಗಿ? ಕರೆಂಟ್ ಇಲ್ಲ, ದೀಪ ಐತಿ. ಬ್ಯಾಟರಿಯೊಳಗಿಂದಾನ ಹೀರ್ಕೊಂಡು ಉರೀತೈತಿ. ಕೆಲವು ಹಿಂಗ ಇರ್ತಾವು. ನಾಕ್ ದಿನಾ ಹಿಂಗ ಬಿಟ್ರ ಬ್ಯಾಟರಿ ಖಾಲಿ. ಆಮ್ಯಾಲೆ ಒಂದ್ ರಾತ್ರಿ ಚಾರ್ಜ್ ಹಾಕಿದ್ರೂ ಏಳಂಗಿಲ್ಲ."

ಪ್ಲಗ್ ನನ್ನ ಕೈಯಲ್ಲೇ ಇತ್ತು. ಅವರು ನನ್ನ ಮುಖ ನೋಡಿ, ಯಾಕೆ, ಶಾಕ್ ಹೊಡೆಯಿತೇನು ಎಂದು ನಕ್ಕರು. ಇವರಿಗೆ ಗೊತ್ತಾಗಿ, ನನ್ನನ್ನು ಪರೀಕ್ಷಿಸುತ್ತಿದ್ದಾರೆಯೇ ಎಂದು ನಾನು ಅವರ ಕಣ್ಣಲ್ಲಿ ಹುಡುಕಿದೆ. ಏನೂ ಇರಲಿಲ್ಲ. ಕ್ಲಿಪ್ ಬಿಚ್ಚುತ್ತ ತಾವಾಗಿಯೇ, "ನಂದು ಹಿಂಗೂ ಇರಲಿಲ್ಲ. ಪ್ಲಗ್‌ನಾಗ ಇದ್ದೂ ಕೊಡಲಿಲ್ಲ ಅದು" ಎಂದರು.

ಆ ರಾತ್ರಿ ಮನೆಯವರಿಗೆ ಎಲ್ಲ ಹೇಳಿದೆ. ಅವರು, ಈಗ ಹೇಳಿದರೆ ಏನು ಸಿಗತ್ತೆ, ಇದ್ದ ಒಂದು ಮನೆಯ ಒಡನಾಟವೂ ಹೋಗತ್ತೆ ಎಂದರು. ನನಗೂ ಅದೇ ಬೇಕಾಗಿತ್ತು, ಯಾರಾದರೂ ಹಾಗೆ ಹೇಳುವುದು. ಹೇಳಿದರೆ ನಾನು ಅವರನ್ನು ಕಳೆದುಕೊಳ್ಳುತ್ತೇನೆ ಎಂಬುದಷ್ಟೇ ನನ್ನ ಭಯವಾಗಿತ್ತು. ಹೇಳದಿದ್ದರೆ ಅವರು ಏನು ಕಳೆದುಕೊಳ್ಳುತ್ತಾರೆ ಎಂದು ಯೋಚಿಸಲೇ ಇಲ್ಲ. ಬದಲಿಗೆ ಸಾರು ಕೊಟ್ಟೆ, ಪಲ್ಯ ಕೊಟ್ಟೆ. ಜ್ವರ ಬಂದಾಗ ಗಂಜಿ ಕೊಟ್ಟೆ. "ಒಡಹುಟ್ಟಿದವರೂ ಇಷ್ಟ್ ಮಾಡಂಗಿಲ್ಲ" ಎಂದು ಅವರು ಎಲ್ಲರೆದುರು ಹೇಳುವಾಗ ಪಾತ್ರೆ ಎತ್ತಿಕೊಂಡು ಒಳಗೆ ಬಂದುಬಿಡುತ್ತಿದ್ದೆ.

ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ ಅಣ್ಣ ಕೆಲಸ ಬಿಟ್ಟು, ಗಾಡಿ ಮಾರಿ, ಗದಗದಲ್ಲಿ ತಮ್ಮನ ಮನೆಗೆ ಹೋದರು. ಮೀಟರನ್ನು ಮೆಸ್ಸಿನವರಿಗೆ ಕೊಟ್ಟು ಹೋದರು. ಅವರು ಹೋದ ಮೇಲೂ ಭಾನುವಾರ ಎಂಟಕ್ಕೆ ನನ್ನ ಕೈ ಹಂಚಿನ ಹಿಡಿಕೆಗೆ ಹೋಗುತ್ತಿತ್ತು. ಮೆಟ್ಟಿಲ ಕೆಳಗೆ ಈಗ ಯಾರ ಗಾಡಿಯೂ ನಿಲ್ಲುವುದಿಲ್ಲ. ಅಲ್ಲಿ ಗುಡಿಸುವಾಗ ಪೊರಕೆಗೆ ಏನಾದರೂ ತಗುಲಿದರೆ ಇವತ್ತಿಗೂ ಬಗ್ಗಿ ನೋಡಲು ನನಗೆ ಧೈರ್ಯ ಸಾಲದು.

ಈ ವರ್ಷ ನಮ್ಮ ಮನೆಯವರಿಗೆ ಮಂಡಿಯ ಆಪರೇಷನ್ ಆಯಿತು. ಅವರ ಮೋಟರ್‌ಸೈಕಲ್ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತಿತು. ಒಂದು ಚಾರ್ಜರ್ ತಂದುಬಿಡು ಎಂದರು. ಅದೇ ಗಲ್ಲಿಯ ಅದೇ ಅಂಗಡಿಗೆ ಹೋದೆ, ಹಗಲು ಹನ್ನೊಂದಕ್ಕೆ. ಎರಡು ಮುಂದಿಟ್ಟರು. ನನ್ನ ಕೈ ಮುಂದೆ ಹೋಗಲಿಲ್ಲ. ಕೌಂಟರಿನಿಂದಲೇ ಗದಗಕ್ಕೆ ಫೋನ್ ಮಾಡಿದೆ. ಅಣ್ಣನ ದನಿ ತೆಳ್ಳಗಾಗಿತ್ತು, ಆದರೂ ಪ್ರಶ್ನೆಗಳೆಲ್ಲ ಬಂದವು, ಒಂದೊಂದಕ್ಕೂ ಉತ್ತರ ಓದಿ ಹೇಳಿದೆ. ಕೊನೆಗೆ, ನೀವೇ ಒಂದು ಹೇಳಿಬಿಡಿ ಅಣ್ಣಾ ಎಂದೆ.

"ನಾ ಆರಿಸಂಗಿಲ್ಲ ತಂಗಿ, ನಿನಗ ಗೊತ್ತೈತಿ. ನನ್ನ ಕೈ ಛಲೋದಲ್ಲ. ಆಕಿನ್ನ ಕೊಂದ ಕೈ ಅದು."

ಕೊಂದ ಎಂಬ ಮಾತನ್ನು ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಆಡಿರಲಿಲ್ಲ. ನಾನು ಫೋನ್ ಕಿವಿಗಿಟ್ಟುಕೊಂಡೇ ಅಂಗಡಿಯ ಮೆಟ್ಟಿಲಿಳಿದು, ಸರಕಿನ ಕೈಗಾಡಿಗಳ ನಡುವೆ ಗೋಡೆಗೆ ಒರಗಿ ನಿಂತೆ.

"ಅಣ್ಣಾ, ನಿಮ್ಮ ಚಾರ್ಜರ್ ಕೆಟ್ಟಿರಲಿಲ್ಲ. ಪ್ಲಗ್ ನಾನು ತೆಗೆದಿದ್ದೆ."

ಬ್ಯಾಟರಿ ತೋರಿಸಲು ಬಂದವರನ್ನು ಕೇಳುವ ಅದೇ ದನಿಯಲ್ಲಿ ಕೇಳಿದರು.

"ಯಾವಾಗ?"

"ನೀವು ಊರಿಗೆ ಹೋದ ದಿನ. ಹತ್ತೂವರೆಗೆ. ಹಿಟ್ಟು ರುಬ್ಬೋಕೆ ಅಂತ."

"ತಿರುಗಿ ಹಾಕಿದ್ದು?"

"ಭಾನುವಾರ ಸಂಜೆ."

"ದೀಪ?"

"ಉರೀತಾನೇ ಇತ್ತು ಅಣ್ಣಾ. ಅದಕ್ಕೇ ನಂಗೆ ತಿಳೀಲಿಲ್ಲ."

ಬಾಯೊಳಗೇ ದಿನ ಎಣಿಸಿದರು. ಗುರುವಾರ, ಶುಕ್ರವಾರ, ಶನಿವಾರ, ರವಿವಾರ.

"ಹಂಗಾರ ಚಾರ್ಜರ್ ಛಲೋನ ಇತ್ತು."

"ಹೌದಣ್ಣಾ."

"ದಿನಾ ಮುಂಜಾನಿ ಪೂಜಿ ಮುಗದ ಮ್ಯಾಲೆ ಆಕಿ ಫೋಟೋ ಮುಂದ ನಿಂತು ಹೇಳ್ತಿದ್ದೆ, ನಾ ನೋಡಿ ತರಲಿಲ್ಲ, ತಪ್ಪಾತು ಅಂತ. ಹತ್ತ ವರ್ಷ."

ಬೈಯಿರಿ ಅಣ್ಣಾ ಎಂದೆ. ಬೈಯುವುದೇನಿದೆ ಎಂದರು. "ಮೊದಲ ಹೇಳಬೇಕಿತ್ತು" ಎಂದರು. ಇಷ್ಟೇ, ಸಿಟ್ಟಿಲ್ಲದೆ. "ಇರ್ಲಿ. ಆಕೀಗಿ ಹೇಳ್ತೀನಿ" ಎಂದು ಫೋನ್ ಇಟ್ಟರು.

ಆಮೇಲೆ ಎರಡು ಸಲ ಮಾಡಿದೆ. ಎತ್ತಲಿಲ್ಲ. ಮೂರು ವಾರ ಕಳೆದು ಅದೇ ನಂಬರಿನಿಂದ ಫೋನ್ ಬಂದಾಗ ಆತುರದಿಂದ ಎತ್ತಿದರೆ, ಮಾತಾಡಿದ್ದು ಅವರ ತಮ್ಮನ ಮಗಳು. ಅಲ್ಲಿಯೇ ಶಾಲೆಯಲ್ಲಿ ಟೀಚರ್ ಆಗಿರುವ ಹುಡುಗಿ. ಬೆಳಗಿನ ಜಾವ ನಿದ್ದೆಯಲ್ಲೇ ಹೋದರು ಎಂದಳು. ಮಣ್ಣಾಯಿತು ಎಂದಳು. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೂ ಅವಳು ಫೋನ್ ಇಡಲಿಲ್ಲ.

"ಒಂದ್ ಕೇಳ್ಲೇನ್ರಿ ಆಂಟಿ? ದೊಡ್ಡಪ್ಪ ಬಂದವರಿಗೆಲ್ಲಾ ಒಂದ ಮಾತು ಹೇಳ್ತಿದ್ರು, ಚಾರ್ಜರ್ ಛಲೋ ಇತ್ತು ಅಂತ. ಹಾಲು ಹಾಕಾವಗೂ ಹೇಳಿದ್ರು, ಡಾಕ್ಟರಿಗೂ ಹೇಳಿದ್ರು. ನಮಗೊಂದೂ ತಿಳೀಲಿಲ್ಲ. ಏನ್ರಿ ಅದು?"

ಪ್ಲಗ್ ತೆಗೆದದ್ದು ಯಾರು ಎಂದು ಅವರು ಯಾರಿಗೂ ಹೇಳಿರಲಿಲ್ಲ. ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತು, ಗುರುವಾರ ಹತ್ತೂವರೆಯಿಂದ ಶುರು ಮಾಡಿ ಏನನ್ನೂ ಬಿಡದೆ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಅವರ ಮನೆಯಲ್ಲಿ ಯಾರೋ ಪಾತ್ರೆ ಜೋಡಿಸುವ ಸದ್ದು ಕೇಳಿಸುತ್ತಿತ್ತು. ಹುಡುಗಿ ಬೈಯಲಿ, ಫೋನ್ ಕುಕ್ಕಲಿ ಎಂದು ಕಾದೆ.

"ಮೂರ್ ವಾರಾ ಭಾಳ ಛಲೋ ನಿದ್ದಿ ಮಾಡಿದ್ರು ಆಂಟಿ," ಎಂದಳು.